ನಾಲ್ಕನೆಯ ಆಜ್ಞೆ ಮತ್ತು ಮೋಹನಸ್ವಾಮಿ

ವಸುಧೇಂದ್ರರ ‘ಮೋಹನಸ್ವಾಮಿ’ ಕಥಾಸಂಕಲನ ಪ್ರಕಟವಾದದ್ದು 2013ರಲ್ಲಿ. ಅದೇ ವರ್ಷದ ಡಿಸೆಂಬರಿನಲ್ಲಿ ಸರ್ವೋಚ್ಚ ನ್ಯಾಯಾಲಯವು ಸಲಿಂಗ ಸಂಬಂಧವನ್ನು ಮತ್ತೆ ಅಪರಾಧದ ಪಟ್ಟಿಗೆ ಸೇರಿಸಿತು. 2018ರ ಸೆಪ್ಟೆಂಬರಿನಲ್ಲಿ ಆ ತೀರ್ಪನ್ನು ತಾನೇ ತಳ್ಳಿಹಾಕಿತು. ನ್ಯಾಯಾಲಯದ ಬಾಗಿಲು ಹೀಗೆ ಮುಚ್ಚಿ ತೆರೆದರೂ ಮನೆಯ ಬಾಗಿಲಿನ ಪ್ರಶ್ನೆ ಹಾಗೆಯೇ ಉಳಿದಿದೆ. ಪಾಲನಾಸೇವೆಗೆ ಸಿದ್ಧರಾಗುವವರು ಈ ಕೃತಿಯನ್ನು ಓದಬೇಕಾದದ್ದು ಆ ಕಾರಣಕ್ಕೆ.

‘ಕಗ್ಗಂಟು’ ಕತೆಯಲ್ಲಿ ಮೋಹನಸ್ವಾಮಿಯೊಡನೆ ವರ್ಷಗಟ್ಟಲೆ ಬಾಳಿದ ಕಾರ್ತಿಕ್ ಹೆಣ್ಣೊಬ್ಬಳನ್ನು ಮದುವೆಯಾಗಲು ಹೊರಡುತ್ತಾನೆ. ಲೋಕದ ದೃಷ್ಟಿಯಲ್ಲಿ ಅವನು ದಾರಿಗೆ ಬಂದ ಮಗ. ತೊರೆಯಲ್ಪಟ್ಟವನ ದುಃಖಕ್ಕೆ ಮಾತ್ರ ಹೆಸರೂ ಇಲ್ಲ, ಸಂತಾಪ ಹೇಳುವವರೂ ಇಲ್ಲ. ಈ ನೋವನ್ನು ವಸುಧೇಂದ್ರರು ಉಪದೇಶವಿಲ್ಲದೆ, ಮಧ್ಯಮವರ್ಗದ ನಿತ್ಯದ ಕನ್ನಡದಲ್ಲಿ ಹೇಳುತ್ತಾರೆ. ಕೃತಿಯ ನೈತಿಕ ಬಲವಿರುವುದು ಅಲ್ಲಿಯೇ.

ನಾನಿರುವ ಪುಲಿಕೇಶಿನಗರದ ಸುತ್ತಲಿನ ಧರ್ಮಕೇಂದ್ರಗಳಲ್ಲಿ ಬೇರೆ ಬೇರೆ ನಾಡುಗಳಿಂದ ವಲಸೆ ಬಂದು ನೆಲೆಸಿದ ಕುಟುಂಬಗಳಿವೆ. ವಲಸೆ ಬಂದವರ ಮಗನಿಗೆ ತಂದೆತಾಯಿಯ ತ್ಯಾಗವೇ ಒಂದು ಋಣ. ಆ ಋಣದ ಭಾರವನ್ನು ಆಂಡ್ರ್ಯೂ ಆನ್ ನಿರ್ದೇಶಿಸಿದ ‘ಸ್ಪಾ ನೈಟ್’ (2016) ಚಲನಚಿತ್ರವು ಸಂಯಮದಿಂದ ತೋರಿಸುತ್ತದೆ. ಲಾಸ್ ಏಂಜಲಿಸ್‌ನಲ್ಲಿ ನೆಲೆಸಿದ, ದೇವಾಲಯಕ್ಕೆ ಹೋಗುವ ಕೊರಿಯನ್ ದಂಪತಿಯ ಹೋಟೆಲು ಮುಚ್ಚಿಹೋಗುತ್ತದೆ. ಅವರ ಆಸೆಯೆಲ್ಲ ಮಗನ ಮೇಲೆ. ಆ ಪೋಷಕರು ಕ್ರೂರಿಗಳಲ್ಲ. ಅವರ ಪ್ರೀತಿ ನಿಜವಾದದ್ದಾದ್ದರಿಂದಲೇ ಮಗನಿಗೆ ಸತ್ಯವನ್ನು ನುಡಿಯಲು ನಾಲಗೆ ಏಳುವುದಿಲ್ಲ.

ಇಂಥ ಮನೆಯ ತಾಯಿ ನಮ್ಮ ಬಳಿಗೆ ಬಂದು, “ಫಾದರ್, ಒಂದು ಒಳ್ಳೆಯ ಹುಡುಗಿ ನೋಡಿ, ಎಲ್ಲ ಸರಿಹೋಗುತ್ತದೆ” ಎಂದರೆ ನಾವು ಏನು ಹೇಳುತ್ತೇವೆ? ನಾಲ್ಕನೆಯ ಆಜ್ಞೆಯನ್ನು ನೆನಪಿಸಿ ಮಗನನ್ನು ಒಪ್ಪಿಸುವುದು ಸುಲಭ. ಆದರೆ ತಂದೆತಾಯಿಯನ್ನು ಗೌರವಿಸಲೆಂದು ಬಲಿಪೀಠದ ಮುಂದೆ ಸುಳ್ಳುಸಾಕ್ಷಿ ನುಡಿಯುವುದು ಎಂಟನೆಯ ಆಜ್ಞೆಯ ಉಲ್ಲಂಘನೆ. ಧರ್ಮಸಭೆಯ ಕಾನೂನು ಸಂಹಿತೆ (1983) ಈ ವಿಷಯದಲ್ಲಿ ನಮಗಿಂತ ನಿಷ್ಠುರವಾಗಿದೆ: ದಾಂಪತ್ಯವನ್ನು ತೀವ್ರವಾಗಿ ಕದಡಬಲ್ಲ ಗುಣವೊಂದನ್ನು ಮೋಸದಿಂದ ಮರೆಮಾಚಿ ಸಮ್ಮತಿ ಪಡೆದರೆ, ಆ ವಿವಾಹ ಅಸಿಂಧುವೆಂದು 1098ನೆಯ ವಿಧಿ ಹೇಳುತ್ತದೆ. ‘ಕಗ್ಗಂಟು’ ತೊರೆಯಲ್ಪಟ್ಟವನ ಕತೆ. ಗುರುವಾದವನು ಏನನ್ನೂ ತಿಳಿಯದೆ ಹಸೆಗೇರುವ ವಧುವಿನ ಕತೆಯನ್ನೂ ಅದರೊಳಗಿಂದ ಓದಿಕೊಳ್ಳಬೇಕು.

ವಿವಾಹ ಹಾಗೂ ಪರಿಶುದ್ಧತೆಯ ಕುರಿತ ಧರ್ಮಸಭೆಯ ಬೋಧನೆ ನಮಗೆ ತಿಳಿದದ್ದೇ. ಅದೇ ಧರ್ಮೋಪದೇಶದ 2358ನೆಯ ಪರಿಚ್ಛೇದವು ಇವರನ್ನು ಗೌರವ, ಕರುಣೆ, ಸೂಕ್ಷ್ಮತೆಗಳಿಂದ ಬರಮಾಡಿಕೊಳ್ಳಬೇಕೆಂದೂ ಅನ್ಯಾಯದ ತಾರತಮ್ಯ ಕೂಡದೆಂದೂ ವಿಧಿಸುತ್ತದೆ. ಮೊದಲನೆಯದನ್ನು ಬೋಧಿಸಿ ಎರಡನೆಯದನ್ನು ಮರೆಯುವವನು ಅರ್ಧ ಬೋಧನೆಯನ್ನಷ್ಟೇ ಬೋಧಿಸಿದಂತಾಯಿತು. ಜಗದ್ಗುರು ಫ್ರಾನ್ಸಿಸ್ಸರು 2016ರ ‘ಅಮೋರಿಸ್ ಲೆತೀಸಿಯಾ’ದಲ್ಲಿ ಇಂಥ ಮಕ್ಕಳಿರುವ ಕುಟುಂಬಗಳನ್ನೂ ನಮ್ಮ ಆರೈಕೆಗೆ ಒಪ್ಪಿಸಿದ್ದಾರೆ.

ಕೃತಿಯ ಬಗ್ಗೆ ನನ್ನದೊಂದು ತಕರಾರಿದೆ. ಮೋಹನಸ್ವಾಮಿಗೆ ನೆಮ್ಮದಿ ದೊರೆಯುವುದು ದೂರದ ಕಿಲಿಮಂಜಾರೋ ಪರ್ವತವನ್ನು ಏರಿದಾಗ. ಕತೆಯಾಗಿ ಅದು ಸುಂದರವಾದ ಮುಕ್ತಾಯ. ಆದರೆ ಯೇಸುಸ್ವಾಮಿಯ ರೂಪಾಂತರವನ್ನು ಕಂಡ ಶಿಷ್ಯರೂ ಬೆಟ್ಟದಿಂದ ಇಳಿಯಲೇಬೇಕಾಯಿತು. ಕೆಳಗೆ ಅವರನ್ನು ಎದುರುಗೊಂಡದ್ದು ಮಗನಿಗಾಗಿ ಮೊರೆಯಿಡುತ್ತಿದ್ದ ಒಬ್ಬ ತಂದೆ. ಶಿಖರದಲ್ಲಿ ಸಿಕ್ಕ ನೆಮ್ಮದಿಗೆ ಊರಿನಲ್ಲಿ ಒಂದು ಮನೆ ಬೇಡವೇ?

ಈ ಪ್ರಶ್ನೆಗೆ ಉತ್ತರ ಕೊಡುವುದು ಕತೆಗಾರರ ಹೊಣೆಯಲ್ಲ, ನಮ್ಮದು. ಹನ್ನೆರಡರ ಬಾಲಯೇಸು ತಂದೆತಾಯಿಗೆ ಅರ್ಥವಾಗದ ಸತ್ಯವನ್ನು ದೇವಾಲಯದಲ್ಲಿ ನುಡಿದರು. ಅನಂತರ ಅವರೊಡನೆಯೇ ನಜರೇತಿಗೆ ಹಿಂದಿರುಗಿ ವಿಧೇಯರಾಗಿ ಬಾಳಿದರು. ಮಗ ಸತ್ಯವನ್ನು ನುಡಿದ ಮೇಲೂ ತಾಯಿ ಊಟಕ್ಕೆ ಕರೆಯುವಂತೆ ಆ ಮನೆಯನ್ನು ಸಿದ್ಧಗೊಳಿಸುವುದು ಗುರುವಿನ ಕೆಲಸ. ಮುಂದಿನ ಬಾರಿ ಆ ತಾಯಿ ಬಂದಾಗ ಹುಡುಗಿಯನ್ನು ಹುಡುಕುವ ಮೊದಲು ಮಗನನ್ನು ಕೂರಿಸಿಕೊಂಡು ಕೇಳೋಣ.