ಆನೆಗಿಂತ ಮೊದಲು

ವಿಜಯದಶಮಿಯ ಮಧ್ಯಾಹ್ನ ಬೇವೂರಿನಲ್ಲಿ ಹೋಳಿಗೆ ಉಂಡವರೆಲ್ಲ ಅಡ್ಡಾಗುತ್ತಾರೆ. ಬನ್ನಿ ಕೊಟ್ಟು ತಗೊಳ್ಳಲು ಸಂಜೆಯ ತನಕ ಹೊತ್ತಿದೆ. ನಾನು ಟಿ.ವಿ. ಹಚ್ಚಿ ಮೈಸೂರಿನ ಜಂಬೂಸವಾರಿಗೆ ಕೂಡುತ್ತೇನೆ. ಒಳಗಿನಿಂದ ಒಂದೇ ಅಪ್ಪಣೆ: ‘ಆನಿ ಬಂದಾಗ ಕರೀರಿ.’

ಆನೆ ಬರುವುದು ಕಟ್ಟಕಡೆಗೆ. ಬಲರಾಮ ದ್ವಾರದಲ್ಲಿ ನಂದಿಧ್ವಜದ ಪೂಜೆಯಾದ ಮೇಲೆ, ಸುಮಾರು 750 ಕಿಲೋ ತೂಕದ ಅಂಬಾರಿ ಕಾಣಿಸುವ ತನಕ ಸ್ತಬ್ಧಚಿತ್ರ ಮತ್ತು ಕಲಾತಂಡಗಳ ಸಾಲು. ನನ್ನ ಹಬ್ಬ ಅಷ್ಟೇ. ಅದರಲ್ಲೂ ಡೊಳ್ಳು, ಕಂಸಾಳೆಗಿಂತ ನಾನು ಕಾಯುವುದು ವೇಷ ಕಟ್ಟಿ ಹಾಡುವವರನ್ನು. ಬನಶಂಕರಿ ಜಾತ್ರೆಯ ಕಂಪನಿ ನಾಟಕ ನೋಡಿ ಬೆಳೆದವನ ಚಟ. ಹತ್ತಿರದ ಕಮತಗಿಯಲ್ಲೇ ಹುಚ್ಚೇಶ್ವರ ನಾಟ್ಯ ಸಂಘ ಇರುವಾಗ ಈ ಹುಚ್ಚು ಹಿಡಿಯದೆ ಇದ್ದೀತೆ?

ಮೆರವಣಿಗೆಯಲ್ಲಿ ಯಾವ ಆಟ ನಿಲ್ಲುತ್ತದೆ, ಯಾವುದು ಸೋಲುತ್ತದೆ ಎಂಬುದನ್ನು ನೋಡುವುದೇ ಒಂದು ರುಚಿ. ನಮ್ಮ ಕಡೆಯ ಶ್ರೀಕೃಷ್ಣ ಪಾರಿಜಾತವನ್ನೇ ತಗೊಳ್ಳಿ. ಕುಳಗೋಡ ತಮ್ಮಣ್ಣ ತಿದ್ದಿ ಬೆಳೆಸಿದ ಆಟ, ಕೌಜಲಗಿ ನಿಂಗಮ್ಮನಂಥವರು ಹೆಸರಾದ ಆಟ. ನಾರದ ತಂದ ಒಂದು ಹೂವು ರುಕ್ಮಿಣಿಯ ಪಾಲಾಗುತ್ತದೆ, ಸತ್ಯಭಾಮೆ ಮುನಿಯುತ್ತಾಳೆ, ಕಥೆ ಇಷ್ಟೇ. ಆ ಮುನಿಸು ಇಳಿಯುವಷ್ಟರಲ್ಲಿ ಬೆಳಗಾಗುತ್ತದೆ. ಸ್ವಾರಸ್ಯವೆಲ್ಲ ಭಾಗವತ ಕೊಕ್ಕೆ ಹಾಕಿ ಕೆಣಕುವುದರಲ್ಲಿ, ದೂತಿ ಪಟ್ಟನೆ ಮಾತು ತಿರುಗಿಸುವುದರಲ್ಲಿ. ಇದನ್ನು ಕ್ಯಾಮೆರಾ ಎದುರಿನ ಅರ್ಧ ನಿಮಿಷಕ್ಕೆ ಇಳಿಸಿದರೆ ಉಳಿಯುವುದು ಕಿರೀಟ ಮತ್ತು ಸೀರೆ. ದೊಡ್ಡಾಟದ ಪಾಡೂ ಅದೇ. ರಾತ್ರಿಯ ಬೆಳಕಿಗೆಂದು ಬಳಿದ ಬಣ್ಣ, ಭುಜಕೀರ್ತಿಯ ಹೊಳಪು ಮೂರು ಗಂಟೆಯ ಬಿಸಿಲಲ್ಲಿ ಪೆಚ್ಚಾಗಿ ಕಾಣುತ್ತದೆ. ತಪ್ಪು ಕಲಾವಿದರದಲ್ಲ, ಹೊತ್ತಿನದು.

ಗೆಲ್ಲುವವರು ಹಗಲುವೇಷದವರು. ಹೆಸರಿನಲ್ಲೇ ಹಗಲಿದೆ. ಹಾರ್ಮೋನಿಯಂ ಕೊರಳಿಗೆ, ತಬಲಾ ಸೊಂಟಕ್ಕೆ ಕಟ್ಟಿಕೊಂಡು ಓಣಿ ಓಣಿ ತಿರುಗಿದವರಿಗೆ ರಾಜಬೀದಿ ಇನ್ನೊಂದು ಓಣಿ. ನಡೆಯುತ್ತಲೇ ಹಾಡು, ನಡೆಯುತ್ತಲೇ ಮಾತು. ಇವರ ರಾವಣ ಎದುರಿಗಿದ್ದ ಪೊಲೀಸಪ್ಪನನ್ನೇ ಗದರಿಸಿ ಮುಂದೆ ಹೋಗಬಲ್ಲ. ವಾದ್ಯಗಳಲ್ಲಿ ಈ ಮಾತು ನಮ್ಮ ಕರಡಿ ಮಜಲಿಗೆ ಸಲ್ಲುತ್ತದೆ. ಸನಾದಿಯ ಹಿಂದೆ ಕರಡಿಯ ಪೆಟ್ಟು ಬೀಳುತ್ತಿದ್ದರೆ ನಡಿಗೆಯೇ ತಾಳವಾಗುತ್ತದೆ.

ಆದರೆ ಬೀದಿಯಲ್ಲಿ ಗೆದ್ದರೆ ಸಾಲದು, ಟಿ.ವಿ.ಯಲ್ಲೂ ಹಾಡು ಕೇಳಿಸಬೇಕು. ನ್ಯೂಯಾರ್ಕಿನಲ್ಲಿ ಮೇಸಿಸ್ ಎಂಬ ಅಂಗಡಿಯವರು ನವೆಂಬರಿನ ಥ್ಯಾಂಕ್ಸ್‌ಗಿವಿಂಗ್ ಹಬ್ಬಕ್ಕೆ ಮೆರವಣಿಗೆ ತೆಗೆಯಲು ಶುರುಮಾಡಿದ್ದು 1924ರಲ್ಲಿ. ಅಲ್ಲಿ ಬ್ರಾಡ್‌ವೇಯ ಸಂಗೀತ ನಾಟಕದವರು ಅಂಗಡಿಯ ಮುಂದೆ ನಿಂತು ತಮ್ಮ ಆಟದ ಒಂದು ಹಾಡನ್ನು ಟಿ.ವಿ.ಗಾಗಿ ಕುಣಿದು ತೋರಿಸುತ್ತಾರೆ. ಹಾಡು ಬಹುತೇಕ ಮೊದಲೇ ಮುದ್ರಿಸಿದ್ದು, ಬೀದಿಯಲ್ಲಿ ಆಡುವುದು ತುಟಿ ಮಾತ್ರ. ಕಂಪನಿ ನಾಟಕದ ಕಿವಿಗೆ ಇದು ಸಪ್ಪೆ ಸಾರು. ಆದರೂ ಅವರಿಂದ ಕಲಿಯಬೇಕಾದದ್ದು ಒಂದಿದೆ: ಆ ಹಾಡಿಗೆಂದೇ ಪ್ರಸಾರದಲ್ಲಿ ಹೊತ್ತು ಎತ್ತಿಡುತ್ತಾರೆ.

ನಮ್ಮಲ್ಲಿ ಉಲ್ಟಾ. ಬಾಯಿ ಖರೇನೇ ಹಾಡುತ್ತಿರುತ್ತದೆ, ಕೇಳಿಸುವುದು ವಿವರಣೆಕಾರರ ದನಿ. ಒಂದು ವರ್ಷ ಭಾಮೆಯ ವೇಷದಾಕೆ ಕೈ ಎತ್ತಿ ಮೇಲಿನ ಷಡ್ಜಕ್ಕೆ ಏರಿದಳು, ಕೊರಳಿನ ನರ ಉಬ್ಬಿದ್ದು ಕಂಡಿತು. ಅಷ್ಟರಲ್ಲಿ ಆ ಕಲೆಯ ‘ಶ್ರೀಮಂತ ಪರಂಪರೆ’ ಕುರಿತು ಭಾಷಣ ಶುರುವಾಯಿತು, ಚಿತ್ರ ಗಣ್ಯರ ವೇದಿಕೆಗೆ ಹಾರಿತು. ಆ ಹಾಡು ಎಲ್ಲಿ ಇಳಿಯಿತೋ ನನಗೆ ಇವತ್ತಿಗೂ ಗೊತ್ತಿಲ್ಲ.

ಪ್ರಸಾರ ಮಾಡುವವರಲ್ಲಿ ಒಂದೇ ಕೋರಿಕೆ. ಆನೆಯ ಹೊತ್ತಿನಲ್ಲಿ ಎಷ್ಟು ಬೇಕಾದರೂ ಮಾತಾಡಿ, ಅದೇನೂ ಹಾಡುವುದಿಲ್ಲ. ವೇಷದವರು ಬಂದಾಗ ಮಾತ್ರ ಮೈಕು ಬೀದಿಗೆ ಕೊಡಿ, ಪಲ್ಲವಿ ಮುಗಿಯುವ ತನಕ ಸುಮ್ಮನಿರಿ.