ಜಾಂಗೋ ರೈನ್‌ಹಾರ್ಟನ ಗಿಟಾರ್ ಕೃತಿಗಳು: ಕಾರ್ಡ್ ಹಾಳೆಗಳ ಪಾಠವಿಮರ್ಶೆ

ಬಿನ್ನಿಪೇಟೆಯಲ್ಲಿ ನಮ್ಮ ನೆರೆಯ ವಿದ್ಯಾರ್ಥಿಯೊಬ್ಬನು ಗಿಟಾರ್ ಅಭ್ಯಾಸಕ್ಕೆಂದು ಕೂಡಿಸಿದ್ದ ಹಾಳೆಗಳನ್ನು ತಂದು, ಒಂದೇ ಕೃತಿಗೆ ಮೂರು ಪಾಠಗಳಿವೆಯಲ್ಲ, ಯಾವುದನ್ನು ನಂಬತಕ್ಕದ್ದೆಂದು ಕೇಳಿದನು. ಪ್ರಶ್ನೆ ಸಂಗೀತದ್ದಾದರೂ ಉತ್ತರಿಸುವ ಕ್ರಮ ಗ್ರಂಥಸಂಪಾದನೆಯದೆಂದು ನಮಗೆ ತೋರಿತು.

ಕೃತಿ ‘ಮೈನರ್ ಸ್ವಿಂಗ್’. ಜಾಂಗೋ ರೈನ್‌ಹಾರ್ಟ್ (1910–1953) ಮತ್ತು ಪಿಟೀಲುವಾದಕ ಸ್ಟೆಫಾನ್ ಗ್ರಪೆಲ್ಲಿ ರಚಿಸಿ 1937ರಲ್ಲಿ ಧ್ವನಿಮುದ್ರಿಸಿದುದು. ಜಾಂಗೋ ಅಲೆಮಾರಿಗಳಾದ ಮಾನೂಶ್ ಜನರವನು. ಆ ಜನರ ನುಡಿ ಭಾರತಮೂಲದ್ದು. ‘ಮಾನೂಶ್’ ನಮ್ಮ ‘ಮನುಷ್ಯ’ ಶಬ್ದದ ಬಳಗದ್ದೇ. 1928ರಲ್ಲಿ ವಾಸದ ಬಂಡಿಗೆ ಬೆಂಕಿ ತಗುಲಿ ಅವನ ಎಡಗೈಯ ಎರಡು ಬೆರಳುಗಳು ಊನವಾದುವು. ಸ್ವರಲಿಪಿಯನ್ನು ಅವನು ಬಲ್ಲವನಲ್ಲ. ಆದುದರಿಂದ ಅವನ ಸ್ವಹಸ್ತಪ್ರತಿಯೆಂಬುದಿಲ್ಲ. ಇರುವುದೆಲ್ಲವೂ ಕೇಳಿದವರು ಬರೆದುಕೊಂಡುದು.

ಹಾಳೆಯ ವಿನ್ಯಾಸ ಸರಳವಾದುದು. ನಾಲ್ಕು ಸಾಲು, ಸಾಲಿಗೆ ನಾಲ್ಕು ಮನೆ, ಮನೆಗೆ ನಾಲ್ಕು ಎಣಿಕೆ. ಒಳಗೆ ಆಗ ಮೀಟತಕ್ಕ ಕಾರ್ಡಿನ, ಎಂದರೆ ಒಟ್ಟಿಗೆ ನುಡಿಯುವ ಸ್ವರಗಳ ಗುಂಪಿನ, ಹೆಸರು. 13ನೆಯ ಮನೆಯಲ್ಲಿ ಎರಡು ಹಾಳೆಗಳು ‘ಬಿ ಫ್ಲ್ಯಾಟ್ ಸೆವೆನ್’ ಎನ್ನುತ್ತವೆ, ಒಂದು ‘ಇ ಸೆವೆನ್’ ಎನ್ನುತ್ತದೆ. ಬಹುಮತಕ್ಕೆ ಮಣಿಯೋಣವೇ? ಆ ಎರಡರಲ್ಲಿಯೂ ಕರ್ತೃವಿನ ಹೆಸರಿನಲ್ಲಿ ಒಂದೇ ಅಕ್ಷರದೋಷವಿದೆ. ಒಂದೇ ಮೂಲದಿಂದ ಬಂದ ಪ್ರತಿಗಳಿಗೆ ಒಂದೇ ಸಾಕ್ಷಿಯ ಬೆಲೆ. ಕ್ಲಿಷ್ಟಪಾಠವೇ ಪ್ರಾಚೀನವೆಂಬ ಸೂತ್ರವೂ ಇಲ್ಲಿ ಸಲ್ಲದು. ಕಾವ್ಯದ ಲಿಪಿಕಾರನು ತಿಳಿಯದುದನ್ನು ಸುಲಭಗೊಳಿಸುತ್ತಾನೆ. ವಾದಕನಾದರೋ ಸುಲಭವಾದುದನ್ನು ಅಲಂಕರಿಸುತ್ತಾನೆ. ಮೇಲಾಗಿ ಈ ಎರಡು ಕಾರ್ಡುಗಳಿಗೂ ಡಿ ಮತ್ತು ಜಿ ಶಾರ್ಪ್ ಸ್ವರಗಳು ಸಾಮಾನ್ಯವಾದುದರಿಂದ ಒಂದರ ಸ್ಥಾನದಲ್ಲಿ ಮತ್ತೊಂದು ನಿಲ್ಲಬಲ್ಲುದು. ಇದು ಪ್ರಮಾದವಲ್ಲ, ವಾದಕನ ಸ್ವಾತಂತ್ರ್ಯ. ಎರಡನ್ನೂ ತೋರಿಸುವುದೇ ಸಂಪಾದಕನ ಧರ್ಮ.

ನಮ್ಮ ಆಕ್ಷೇಪ ಬೇರೆಡೆಯಿದೆ. ಈ ಹಾಳೆಗಳಲ್ಲಿ ವರ್ಷವಿಲ್ಲ, ಬರೆದವರ ಹೆಸರಿಲ್ಲ. ‘ಎ ಮೈನರ್’ ಎಂದು ಬರೆದರೆ ಕಾರ್ಡಿನ ಹೆಸರು ತಿಳಿಯಿತು. ಊನವಾದ ಕೈ ತಂತಿಗಳನ್ನು ಹಿಡಿದ ಬಗೆ ತಿಳಿಯಲಿಲ್ಲ. ‘ನ್ಯುಆಜ್’ ಎಂಬ ಇನ್ನೊಂದು ಕೃತಿ 1940ರಲ್ಲಿ ಜರ್ಮನರ ವಶದಲ್ಲಿದ್ದ ಪ್ಯಾರಿಸಿನಲ್ಲಿ ಕ್ಲಾರಿನೆಟ್ಟಿನೊಡನೆಯೂ, 1946ರಲ್ಲಿ ಲಂಡನ್ನಿನಲ್ಲಿ ಗ್ರಪೆಲ್ಲಿಯ ಪಿಟೀಲಿನೊಡನೆಯೂ ಮುದ್ರಿತವಾಯಿತು. ಇವೆರಡರ ನಡುವೆ ನಾಜಿಗಳು ಅವನ ಜನಾಂಗದ ಲಕ್ಷಾಂತರ ಮಂದಿಯನ್ನು ಕೊಂದರು. ವರ್ಷವಿಲ್ಲದ ಹಾಳೆ ಈ ಅಂತರವನ್ನೇ ಅಳಿಸುತ್ತದೆ.

ಪುರಂದರದಾಸರ ಎಷ್ಟೋ ಪದಗಳ ಸಾಹಿತ್ಯ ನಮಗೆ ದಕ್ಕಿತು, ಮೂಲ ಮಟ್ಟು ದಕ್ಕಲಿಲ್ಲ. ಇಂದು ಒಂದೇ ಪದವನ್ನು ಹಲವು ರಾಗಗಳಲ್ಲಿ ಹಾಡುತ್ತೇವೆ. ಆ ನಷ್ಟವನ್ನು ಬಲ್ಲ ನಾವು ಧ್ವನಿಮುದ್ರಿಕೆಗಳಿರುವ ಕಾಲದಲ್ಲಿ ಉದಾಸೀನರಾಗಬಾರದು. ಯಾವ ವರ್ಷದ ಮುದ್ರಿಕೆ, ಬರೆದವರು ಯಾರು, ಸೇರಿಸಿದುದೇನು ಎಂಬ ಮೂರು ಮಾತುಗಳನ್ನು ಪ್ರತಿ ಹಾಳೆಯ ತಲೆಯಲ್ಲಿ ಬರೆಯುವಂತೆ ಆ ವಿದ್ಯಾರ್ಥಿಗೆ ಹೇಳಿದೆವು. ತನ್ನ ಚರಿತ್ರೆಯನ್ನು ತಾನೇ ಬರೆದಿಡದ ಜನರ ವಿಷಯದಲ್ಲಿ ಇಷ್ಟಾದರೂ ನಮ್ಮ ಹೊಣೆ.