ಕತ್ತಲನ್ನು ಎಣಿಸುವ ಹೂವು

ಬಳ್ಳಿ ಮೊಗ್ಗು ಬಿಡುವ ದಿನಗಳಲ್ಲಿ ಸಂಜೆ ದೀಪ ಹಚ್ಚುವ ಹೊತ್ತಿಗೆ ಒಮ್ಮೆ ಟೆರೇಸಿಗೆ ಹೋಗಿ ಬರುತ್ತೇನೆ. ಮರುದಿನ ಅರಳುವ ಮಾರ್ನಿಂಗ್ ಗ್ಲೋರಿ ಮೊಗ್ಗುಗಳು ಆಗಲೇ ಗುರುತು ಸಿಗುತ್ತವೆ. ಸುತ್ತಿ ಮಡಿಸಿದ ಕೊಡೆಯ ಹಾಗೆ ತಿರುಚಿಕೊಂಡು ಉದ್ದಕ್ಕೆ ನಿಂತಿರುತ್ತವೆ. ಹೆಸರು ಕೇಳಿದವರು ಇದು ಬೆಳಗಿನ ಬಿಸಿಲಿಗೆ ಅರಳುವ ಹೂವೆಂದುಕೊಳ್ಳುತ್ತಾರೆ. ಅದರ ಲೆಕ್ಕ ಶುರುವಾಗುವುದು ಮಾತ್ರ ಹಿಂದಿನ ಸಂಜೆಯಿಂದ. ಕತ್ತಲಾಗಿ ಸುಮಾರು 10 ತಾಸು ಕಳೆದರೆ ಹೂವು ಬಿಚ್ಚಿಕೊಳ್ಳುತ್ತದೆ. ಆರೂವರೆಗೆ ಕತ್ತಲಾದರೆ ಬೆಳಗಿನ ಜಾವ ನಾಲ್ಕೂವರೆಗೆ, ಹಾಲಿನವನ ಗಾಡಿ ಸದ್ದೂ ಇಲ್ಲದ ಹೊತ್ತಿನಲ್ಲಿ. ಸೂರ್ಯ ಬರುವಾಗ ಅದು ಅರಳಿ ಕಾದಿರುತ್ತದೆ.

ಇಷ್ಟು ವರ್ಷ ಬೆಳೆಸಿದ ಮೇಲೆ ನನಗೆ ಮನದಟ್ಟಾಗಿರುವುದು ಇದು: ಈ ಬಳ್ಳಿಗೆ ಗೊಬ್ಬರಕ್ಕಿಂತ ಒಳ್ಳೆಯ ಕತ್ತಲು ಮುಖ್ಯ.

ಜಡಿಮಳೆ ಕಳೆದು ಶ್ರಾವಣದ ಎಳೆಬಿಸಿಲು ಬಂದಿದೆ. ಈ ವಾರ ಬೀಜ ಹಾಕಿದರೆ ದಸರಾ, ದೀಪಾವಳಿಗೆ ಹೂವು ನೋಡಬಹುದು. ಬೀಜ ಕಪ್ಪಗೆ, ಪುಟ್ಟ ಕಿತ್ತಳೆ ತೊಳೆಯ ಆಕಾರದಲ್ಲಿರುತ್ತದೆ. ಸಿಪ್ಪೆ ಎಷ್ಟು ಗಟ್ಟಿಯೆಂದರೆ ನೀರು ಒಳಗಿಳಿಯುವುದೇ ಕಷ್ಟ. ಉಗುರು ಕತ್ತರಿಸುವ ಕಟರ್‌ನಿಂದ ಅದರ ದುಂಡು ಬೆನ್ನಿನ ಮೇಲೆ ಚೂರೇ ಚೂರು ಸಿಪ್ಪೆ ಎಬ್ಬಿಸಿ. ಚೂಪು ತುದಿಯ ಹತ್ತಿರ ಬೀಜದ ಕಣ್ಣಿದೆ, ಅಲ್ಲಿ ಮುಟ್ಟಬೇಡಿ. ರಾತ್ರಿ ಬಟ್ಟಲು ನೀರಿನಲ್ಲಿ ನೆನೆಹಾಕಿದರೆ ಬೆಳಗ್ಗೆ ಉಬ್ಬಿ ದಪ್ಪಗಾಗಿರುತ್ತವೆ. ಒಂದೆರಡು ಕಲ್ಲಿನಂತೆ ಹಾಗೇ ಕೂತಿದ್ದರೆ ಇನ್ನೊಮ್ಮೆ ಗೀರಿ ನೆನೆಸಿ. ಎರಡು ದಿನ ನೀರಲ್ಲೇ ಬಿಟ್ಟರೆ ಕೊಳೆಯುತ್ತವೆ.

ಬೇರು ಕದಲಿಸಿದರೆ ಇದು ಸಹಿಸದು. ಹಾಗಾಗಿ ಸಸಿ ಮಾಡಿ ಕಿತ್ತು ನೆಡದೆ, ಬೆಳೆಯುವ ಕುಂಡದಲ್ಲೇ ಅರ್ಧ ಅಂಗುಲ ಆಳಕ್ಕೆ ಬೀಜ ಊರಿ. ಒಂದು ವಾರದಲ್ಲಿ ಮೊಳಕೆ ಬರುತ್ತದೆ. ಮೊದಲ ಎಲೆಗಳೆರಡೂ ನಡುವೆ ಸೀಳಿ, ಕೂತ ಚಿಟ್ಟೆಯಂತೆ ಕಾಣುತ್ತವೆ. ಕೊಟ್ಟಿಗೆ ಗೊಬ್ಬರ ಒಂದು ಹಿಡಿ ಸಾಕು. ಯೂರಿಯಾ ತೋರಿಸಿದಿರೋ, ಬರೀ ಎಲೆ. ಹಬ್ಬುವುದಕ್ಕೆ ಸೆಣಬಿನ ಹುರಿ ಕಟ್ಟಿ. ಮೇಲಿನಿಂದ ನೋಡಿದರೆ ಬಳ್ಳಿ ಗಡಿಯಾರದ ಮುಳ್ಳಿಗೆ ವಿರುದ್ಧವಾಗಿ ಸುತ್ತುತ್ತದೆ. ನೆರವಾಗಲೆಂದು ನಾವು ಉಲ್ಟಾ ಸುತ್ತಿಟ್ಟರೆ ಅದು ಬಿಚ್ಚಿಕೊಂಡು ತನ್ನ ದಾರಿಯನ್ನೇ ಹಿಡಿಯುತ್ತದೆ.

ಎಲೆಯಲ್ಲಿ ದುಂಡು ತೂತುಗಳು ಕಂಡರೆ ತಿರುವಿ ನೋಡಿ. ಗೆಣಸಿನ ಬಳ್ಳಿಯಲ್ಲಿ ಕಾಣುವ ಚಿನ್ನದ ಬಣ್ಣದ ಪುಟ್ಟ ಆಮೆಹುಳ ಇಲ್ಲಿಗೂ ಬರುತ್ತದೆ, ಎರಡೂ ಒಂದೇ ಕುಲದ ಬಳ್ಳಿಗಳಲ್ಲವೇ. ನಾನಂತೂ ಅದಕ್ಕೆ ನಾಲ್ಕು ಎಲೆ ಬಿಟ್ಟುಕೊಡುತ್ತೇನೆ.

ಮೂರು ವರ್ಷದ ಹಿಂದೆ ನಮ್ಮ ಬೀದಿಗೆ ಹೊಸ ಬಿಳಿ ದೀಪ ಬಂತು, ಸರಿಯಾಗಿ ನಮ್ಮ ಕಾಂಪೌಂಡಿನ ಎದುರಿಗೆ. ಆ ವರ್ಷ ಬಳ್ಳಿ ಸೊಂಪಾಗಿ ಹಬ್ಬಿತು. ನೀರಿನ ಟ್ಯಾಂಕಿನ ನೆರಳಿದ್ದ ಕಡೆ ಮೊಗ್ಗೋ ಮೊಗ್ಗು, ದೀಪದ ಕಡೆ ಒಂದೂ ಇಲ್ಲ. ಮಣ್ಣು, ನೀರು, ಗೊಬ್ಬರ ಎಲ್ಲ ಒಂದೇ. ಗೌರಿಬೀಜದ ಜಾತಿಯ ಈ ಬಳ್ಳಿ ಮೊಗ್ಗು ಕಟ್ಟುವುದು ಉದ್ದನೆಯ, ತುಂಡಾಗದ ರಾತ್ರಿ ಸಿಕ್ಕಾಗ. ನಡುರಾತ್ರಿಯಲ್ಲಿ ಕೆಲವು ನಿಮಿಷ ಬೆಳಕು ಬಿದ್ದರೂ ಲೆಕ್ಕ ತಪ್ಪುತ್ತದೆ. ಜಪಾನಿನ ‘ವಯಲೆಟ್’ ಎಂಬ ತಳಿಗೆ ಎಳೆಯ ಸಸಿಯಾಗಿದ್ದಾಗ 16 ತಾಸಿನ ಒಂದೇ ಒಂದು ಕತ್ತಲು ಸಿಕ್ಕರೂ ಸಾಕು, ಹೂವಿಗೆ ತಿರುಗಿಬಿಡುತ್ತದೆ. ಹೂ ಬಿಡುವುದರ ಬಗ್ಗೆ ವಿಜ್ಞಾನಿಗಳು ಬಹಳಷ್ಟು ಕಲಿತದ್ದು ಇದರಿಂದಲೇ. ಬೆಂಗಳೂರಿನಲ್ಲಿ ಜೂನ್ ತಿಂಗಳಲ್ಲೂ ರಾತ್ರಿ 11 ತಾಸಿರುತ್ತದೆ. ಅಂದರೆ ಕತ್ತಲಿಗೆ ನಮ್ಮಲ್ಲಿ ಬರವಿಲ್ಲ, ನಾವೇ ಅದನ್ನು ಕೆಡಿಸುತ್ತಿದ್ದೇವೆ.

ಜಪಾನಿನವರು ಈ ಹೂವನ್ನು ಅಸಗಾವೊ ಅನ್ನುತ್ತಾರೆ, ‘ಮುಂಜಾನೆಯ ಮೊಗ’. ಚೀನಾದಿಂದ ಭೇದಿ ಮಾಡಿಸುವ ಔಷಧಿಯಾಗಿ ಅಲ್ಲಿಗೆ ಹೋದ ಬೀಜ ಇದು. (ಆದ್ದರಿಂದ ಮಕ್ಕಳ ಬಾಯಿಗೆ ಬೀಜ ಹೋಗದಂತೆ ನೋಡಿಕೊಳ್ಳಿ.) ಎಡೊ ಕಾಲದಲ್ಲಿ, 1800ರ ದಶಕದ ಆರಂಭದಲ್ಲಿ ಒಮ್ಮೆ, ಶತಮಾನದ ನಡುವೆ ಮತ್ತೊಮ್ಮೆ, ಎಸಳು ಸೀಳಿದ, ಎಲೆ ಮುರುಟಿದ ವಿಚಿತ್ರ ತಳಿಗಳಿಗೆ ಅಲ್ಲಿನ ಜನ ಮುಗಿಬಿದ್ದಿದ್ದರು. ಟೋಕಿಯೊದ ಇರಿಯಾದಲ್ಲಿ ಈಗಲೂ ಜುಲೈ 6ರಿಂದ 8ರವರೆಗೆ ಈ ಹೂವಿನ ಜಾತ್ರೆ. ಒಂದನೇ ತರಗತಿಯ ಮಕ್ಕಳು ಶಾಲೆಯಲ್ಲಿ ಒಂದೊಂದು ಕುಂಡ ಇಟ್ಟುಕೊಂಡು ಇದನ್ನು ಬೆಳೆಸುತ್ತಾರೆ. ನಮ್ಮ ಶಾಲೆಗಳಲ್ಲೂ ಹಾಗೆ ಮಾಡಿದರೆ ಎಂದು ನಾನು ಆಸೆಪಡುತ್ತೇನೆ.

ಇನ್ನೊಂದು ಕುಂಡದಲ್ಲಿ ಮೆಕ್ಸಿಕೊ ಮೂಲದ ‘ಹೆವೆನ್ಲಿ ಬ್ಲೂ’ ಇದೆ. ಅದನ್ನು ನೋಡಲು ವರ್ಷಕ್ಕೊಮ್ಮೆಯಾದರೂ ನಾಲ್ಕು ಗಂಟೆಗೆ ಏಳಬೇಕು. ಮೊಗ್ಗು ನೇರಳೆಗೆಂಪು, ಬಿಚ್ಚಿಕೊಂಡ ಎಸಳು ಆಕಾಶನೀಲಿ. ಬಣ್ಣದ ವಸ್ತು ಅದೇ. ಅರಳುವಾಗ ಎಸಳಿನ ಜೀವಕೋಶದ ರಸ ತನ್ನ ಹುಳಿ ಕಳೆದುಕೊಳ್ಳುತ್ತದೆ, ಪಿಎಚ್ 6.6ರಿಂದ 7.7ಕ್ಕೆ ಏರುತ್ತದೆ. ಶಂಖಪುಷ್ಪದ ನೀಲಿ ನೀರಿಗೆ ನಿಂಬೆರಸ ಹಿಂಡಿದರೆ ನೇರಳೆಗೆ ತಿರುಗುವುದನ್ನು ನೋಡಿದ್ದೀರಲ್ಲ, ಇದು ಅದರ ತಿರುಗು ಆಟ. ಮಧ್ಯಾಹ್ನ ಹೂವು ಮುದುಡುವಾಗ ಮತ್ತೆ ಗುಲಾಬಿ ಛಾಯೆ ಬರುತ್ತದೆ.

ಕಾಯಿ ಒಣಗಿ ಬಿರಿಯುವ ಮೊದಲೇ ಬೀಜ ಬಿಡಿಸಿಕೊಳ್ಳಿ. ಉದುರಿದರೆ ಪಕ್ಕದವರ ಹಿತ್ತಲಿಗೂ ಹಬ್ಬೀತು.

ಬೀದಿಗೆ ಹೊಸ ದೀಪ ಬಂದ ಆ ವರ್ಷ, ದೀಪದ ಕಡೆಗೆ ಎರಡು ಗೋಣಿಚೀಲ ಬಿಚ್ಚಿ, ಹೊಲಿದು, ಪರದೆ ಕಟ್ಟಿದೆ. ಸಂಜೆ ಇಳಿಬಿಡುವುದು, ಬೆಳಗ್ಗೆ ಮೇಲೆತ್ತುವುದು. ಕಾರ್ತಿಕದ ಕೊನೆಗೆ ಆ ಕಡೆಯೂ ಏಳು ಹೂವು ಅರಳಿದ್ದವು. ಗೋಣಿ ಈ ವರ್ಷ ಅಂಚಿನಲ್ಲಿ ಹರಿದಿದೆ, ಭಾನುವಾರ ಹೊಲಿಯಬೇಕು.